ಎದೆ ಬಿಚ್ಚಿ ಪ್ರಾರ್ಥಿಸುವುದು: ಕಷ್ಟದ ದಿನಗಳಿಗೆ 62ನೆಯ ಕೀರ್ತನೆ ತೋರಿಸುವ ದಾರಿ

ಜೂನ್, ಜುಲೈ ಮಳೆಗೆ ಮಂಗಳೂರು, ಉಡುಪಿ ಕಡೆ ಗುಡ್ಡ ಕಡಿದು ಕಟ್ಟಿದ ಮನೆಗಳ ತಡೆಗೋಡೆ ಕುಸಿಯುವುದು ಹೊಸತಲ್ಲ. ಕಲ್ಲು ಗಟ್ಟಿ ಇರುತ್ತದೆ, ಸಿಮೆಂಟೂ ಸರಿ ಇರುತ್ತದೆ. ಹಿಂದೆ ತುಂಬಿದ ನೀರು ಹೊರಗೆ ಬರಲು ಗೋಡೆಯಲ್ಲಿ ಪೈಪ್ ಇಟ್ಟಿರುವುದಿಲ್ಲ, ಅಷ್ಟೇ. ಒತ್ತಡ ಒಳಗೊಳಗೇ ಏರಿ ಒಂದು ರಾತ್ರಿ ಗೋಡೆ ಜರಿಯುತ್ತದೆ. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ಅರಸ ದಾವೀದನ ಹೆಸರಿನಲ್ಲಿರುವ 62ನೆಯ ಕೀರ್ತನೆ ನಾಲ್ಕು ಕಡೆಯಿಂದ ಪೆಟ್ಟು ತಿಂದ ಮನುಷ್ಯನನ್ನು ಹೋಲಿಸುವುದೂ ಇದಕ್ಕೇ: ವಾಲಿದ ಗೋಡೆ, ಅಲ್ಲಾಡುವ ಬೇಲಿ. ಅದೇ ಕೀರ್ತನೆಯ 8ನೆಯ ವಚನ ಜನರಿಗೆ ಹೇಳುವ ಮಾತು ಮೂರು ತುಂಡಿನದ್ದು. ಯಾವಾಗಲೂ ದೇವರನ್ನು ನಂಬಿ, ಆತನ ಮುಂದೆ ಹೃದಯವನ್ನು ಹೊಯ್ದುಬಿಡಿ, ಆತ ನಮಗೆ ಆಶ್ರಯ.

ಈ ನಡುವಿನ ತುಂಡಿನಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ಎಡವುವುದು. ನಂಬಿಕೆ ಇದೆ ಅನ್ನುತ್ತೇವೆ, ಆಶ್ರಯ ಅನ್ನುವ ಮಾತು ಪ್ರತಿ ಆದಿತ್ಯವಾರ ಕಿವಿಗೆ ಬೀಳುತ್ತದೆ. ಹೊಯ್ಯುವುದು ಹೇಗೆಂದು ಮಾತ್ರ ಯಾರೂ ಕೂತು ಕಲಿಸಿರುವುದಿಲ್ಲ. ಈ ಲೇಖನ ಆ ನಡುವಿನ ಕೆಲಸದ ಬಗ್ಗೆ.

ಮೊದಲು ಎರಡು ಶಬ್ದ

‘ಆಶ್ರಯ’ ಎಂದು ನಾವು ಓದುವ ಕಡೆ ಇಬ್ರಿಯ (ಹೀಬ್ರೂ) ಮೂಲದಲ್ಲಿರುವುದು ‘ಮಖ್ಸೆ’. ಮಳೆಗಾಳಿಯಿಂದ ತಪ್ಪಿಸಿಕೊಳ್ಳಲು ನುಗ್ಗುವ ಜಾಗಕ್ಕೂ ಅದೇ ಶಬ್ದ. ಯೆಶಾಯನ 25ನೆಯ ಅಧ್ಯಾಯದಲ್ಲಿ ಬಿರುಗಾಳಿಗೆ ಆಸರೆ ಎಂಬ ಅರ್ಥದಲ್ಲಿ ಬಂದಿದೆ. ಇದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಜಡಿಮಳೆಗೆ ಸಿಕ್ಕಿದವನು ಯಾರದೋ ಮನೆಯ ಸೂರಿನಡಿಗೆ ಓಡುವಾಗ ತಲೆ ಬಾಚಿಕೊಂಡು ಹೋಗುವುದಿಲ್ಲ, ನೀರು ಸುರಿಸಿಕೊಂಡೇ ಹೋಗುತ್ತಾನೆ. ಮಳೆ ನಿಂತಿರುವುದೂ ಇಲ್ಲ. ಅವನು ನಿಂತ ಜಾಗ ಬದಲಾಗಿರುತ್ತದೆ.

ಎರಡನೆಯದು ‘ಶಾಫಖ್’, ಹೊಯ್ಯುವುದು. ಪ್ರಲಾಪಗಳು 2:19ರಲ್ಲಿ ಹೃದಯವನ್ನು ನೀರಿನಂತೆ ಹೊಯ್ಯಿರಿ ಎಂದಿದೆ. ಕೊಡವನ್ನು ಬೋರಲು ಹಾಕಿದರೆ ಒಳ್ಳೆಯ ನೀರಿನ ಜೊತೆ ತಳದ ಕೆಸರೂ ಬರುತ್ತದೆ. ಸಿಟ್ಟು, ಹೊಟ್ಟೆಕಿಚ್ಚು, ನಾಚಿಕೆ, ‘ನೀನು ಇದ್ದೀಯೋ ಇಲ್ಲವೋ’ ಎಂಬ ಸಂಶಯ, ಎಲ್ಲವೂ. ಸೋಸಿ ಕೊಟ್ಟರೆ ಅದು ಹೊಯ್ದ ಹಾಗಾಗಲಿಲ್ಲ.

ಕೂರುವ ಮೊದಲು ಹೊಟ್ಟೆ, ನಿದ್ದೆ, ಜಾಗ

ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಹೊರಳಾಡುತ್ತಾ ಮಾಡುವ ಪ್ರಾರ್ಥನೆಯಲ್ಲಿ ಮುಕ್ಕಾಲು ಪಾಲು ಚಿಂತೆಯೇ. ಆ ಹೊತ್ತಿಗೆ ಒಂದು ಸಾಲು ಸಾಕು. 56ನೆಯ ಕೀರ್ತನೆಯ 3ನೆಯ ವಚನದ ಸಾರವನ್ನು ಒಂದು ಉಸಿರಿಗೆ ಹೇಳಬಹುದು: ‘ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ’. ಉಳಿದದ್ದನ್ನು ಬೆಳಿಗ್ಗೆಗೆ ಇಡಿ.

1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯುವುದೇ ಮೇಲು ಎಂದು ಪ್ರಾರ್ಥಿಸಿ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವರ ಕಡೆಯಿಂದ ಮೊದಲು ಬಂದದ್ದು ಉಪದೇಶವಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಲಾಯಿತು. ಮಾತುಕತೆ ನಡೆದದ್ದು ಅದರ ಎಷ್ಟೋ ದಿನಗಳ ಮೇಲೆ. ಆದ್ದರಿಂದ ಎರಡು ಹೊತ್ತು ಊಟ ಬಿಟ್ಟು ಕೂತಿದ್ದರೆ ಮೊದಲು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಅದಾದ ಮೇಲೆ ಪ್ರಾರ್ಥನೆ. ಸಂಕಟದಲ್ಲಿರುವವರಿಗೆ ತಕ್ಷಣ ಉಪವಾಸ ಹೇಳುವುದು ನಮ್ಮ ಮಟ್ಟಿಗೆ ತಪ್ಪು ಸಲಹೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಅಪಾಯ. ಎದೆನೋವು ಕೈಗೆ, ದವಡೆಗೆ ಹರಡುತ್ತಾ ಬೆವರು ಬರುತ್ತಿದ್ದರೆ ಅದನ್ನು ಮನಸ್ಸಿನ ಭಾರ ಎಂದುಕೊಂಡು ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಜಾಗಕ್ಕೆ ಮತ್ತಾಯ 6:6 ‘ಕೋಣೆಯ ಬಾಗಿಲು ಮುಚ್ಚಿ’ ಎನ್ನುತ್ತದೆ. ಆರು ಜನ ಇರುವ ಎರಡು ಕೋಣೆಯ ಮನೆಯಲ್ಲಿ ಅದು ಸುಲಭವಲ್ಲ. ನಿಲ್ಲಿಸಿದ ಕಾರು, ಟೆರೇಸು, ಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಎಲ್ಲಾದರೂ ಆಗುತ್ತದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಂತವರಿಗೆ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ ಹತ್ತಿರ. ಅಷ್ಟು ದೂರವೂ ಬಿಟ್ಟುಹೋಗಲಾಗದಿದ್ದರೆ ಹನ್ನಳ ಹಾಗೆ: ಸಮುವೇಲನ ತಾಯಿ ದೇವಾಲಯದಲ್ಲಿ ತುಟಿ ಮಾತ್ರ ಆಡಿಸುತ್ತಾ ಪ್ರಾರ್ಥಿಸಿದಳು. ಯಾಜಕ ಏಲಿ ಕುಡಿದಿದ್ದಾಳೆಂದೇ ತಿಳಿದ. ಅವಳು ‘ಕುಡಿದಿಲ್ಲ, ನನ್ನ ಮನಸ್ಸನ್ನು ದೇವರ ಮುಂದೆ ಹೊಯ್ಯುತ್ತಿದ್ದೇನೆ’ ಎಂದಳು. ಅಲ್ಲಿಯೂ ಅದೇ ಶಬ್ದ.

ಸಮಯ ಇಪ್ಪತ್ತು ನಿಮಿಷ. ಗಡಿಯಾರ ಇಟ್ಟುಕೊಳ್ಳಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಗಂಟೆಗಟ್ಟಲೆ ಕೂತರೆ ದಣಿದ ಮನಸ್ಸು ಒಂದೇ ಕಷ್ಟವನ್ನು ಗಾಣದೆತ್ತಿನ ಹಾಗೆ ಸುತ್ತುತ್ತದೆ, ಎದ್ದಾಗ ಇನ್ನಷ್ಟು ಭಾರ.

ಯಾವ ಭಾಷೆಯಲ್ಲಿ?

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ನಮ್ಮ ಊರಿನ ನಿಜವಾದ ತೊಡಕು ಇದೇ. ಸಭೆಯಲ್ಲಿ ಕೇಳಿ ಕೇಳಿ ನಮಗೆ ಒಂದು ಪ್ರಾರ್ಥನೆಯ ಕನ್ನಡ ಬಾಯಿಪಾಠವಾಗಿದೆ. ‘ಕರುಣಾಳುವಾದ ಪರಲೋಕದ ತಂದೆಯೇ, ಈ ಸುಸಮಯಕ್ಕಾಗಿ ನಿನ್ನನ್ನು ಕೊಂಡಾಡುತ್ತೇವೆ, ನಮ್ಮ ಕಷ್ಟಸಂಕಟಗಳನ್ನು ನೀಗಿಸು’ ಎಂದು ಶುರುವಾದರೆ ಹತ್ತು ನಿಮಿಷ ತಡೆಯಿಲ್ಲದೆ ಹರಿಯುತ್ತದೆ. ಚಂದದ ಮಾತುಗಳೇ. ಹತ್ತು ಜನರ ಪರವಾಗಿ ಸಭಾಪಾಲಕರು ಹೇಳುವಾಗ ಅದು ಬೇಕು. ಒಬ್ಬರೇ ಕೂತಾಗ ಅದೇ ಮಾತು ಪರದೆಯಾಗುತ್ತದೆ. ‘ಕಷ್ಟಸಂಕಟ’ ಎಂಬ ಶಬ್ದದ ಹಿಂದೆ ನಿಮ್ಮ ಕಷ್ಟ ಆರಾಮವಾಗಿ ಅಡಗಿ ಕೂರುತ್ತದೆ.

ಮನೆಯಲ್ಲಿ ಜಗಳವಾಡುವ ಭಾಷೆ ಯಾವುದೋ ಅದರಲ್ಲಿ ಪ್ರಾರ್ಥಿಸಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ. ‘ದೇವೆರೇ, ಎನ್ನ ಕೈಟ್ ಆಪುಜಿ’ (ದೇವರೇ, ನನ್ನ ಕೈಲಿ ಆಗುವುದಿಲ್ಲ) ಎಂಬ ಮೂರ್ನಾಲ್ಕು ತುಳು ಶಬ್ದ ಒಂದು ಪುಟದ ಗ್ರಾಂಥಿಕ ಕನ್ನಡಕ್ಕಿಂತ ಹೆಚ್ಚು ಹೊಯ್ಯುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1847ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚುಹಾಕಿದ್ದು ಸುಮ್ಮನೆ ಅಲ್ಲ. ಮನೆಮಾತಿನಲ್ಲಿ ಕೇಳಿದ ದೇವರಿಗೆ ಮನೆಮಾತಿನಲ್ಲಿ ಉತ್ತರ ಕೊಡಬಹುದು.

ದೇವರೊಡನೆ ಹೀಗೆ ಸಲಿಗೆಯಿಂದ ಮಾತಾಡುವುದು ಮರ್ಯಾದೆ ಕೆಟ್ಟಂತೆ ಅನ್ನಿಸಿದರೆ ಕನ್ನಡಕ್ಕೆ ಇದು ಹೊಸತಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ದಾಸರ ಪದಗಳಲ್ಲಿ ದೇವರನ್ನೇ ಬೈದು ಹಾಡುವ ನಿಂದಾಸ್ತುತಿ ಎಂಬ ಬಗೆಯೇ ಉಂಟು. ಉಡುಪಿಯ ಸುತ್ತ ಬೆಳೆದ ಕಿವಿಗೆ ಆ ಧಾಟಿ ಪರಿಚಿತ.

ಹೇಳುವ ಕ್ರಮ

ಕೀರ್ತನೆಗಳು ಒಟ್ಟು 150. ಅದರಲ್ಲಿ ದೊಡ್ಡ ಪಾಲು ಮೊರೆಯ ಕೀರ್ತನೆಗಳು. ಅವುಗಳಿಗೆ ಒಂದು ಸಾಮಾನ್ಯ ಓಟ ಇದೆ: ಕರೆಯುವುದು, ಕಷ್ಟ ಹೇಳುವುದು, ದೂರುವುದು, ಕೇಳುವುದು, ನಂಬಿಕೆಯ ಒಂದು ಮಾತು. ಕಲಿಯಲು 13ನೆಯ ಕೀರ್ತನೆ ಒಳ್ಳೆಯದು, ಆರೇ ವಚನ. ತೆರೆದಿಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ನಿಮ್ಮದನ್ನು ಶುರುಮಾಡಿ.

ಕರೆಯುವಾಗ ಒಂದೇ ಹೆಸರು ಹಿಡಿದುಕೊಳ್ಳಿ. ಬಂಡೆ, ದುರ್ಗ, ಗುರಾಣಿ, ಆಶ್ರಯ, ತಂದೆ, ಇವತ್ತಿನ ಕಷ್ಟಕ್ಕೆ ಯಾವುದು ಹೊಂದುತ್ತದೋ ಅದು. ಮನೆಗೆ ಜಪ್ತಿ ನೋಟಿಸ್ ಬಂದವರಿಗೆ ‘ಆಶ್ರಯ’, ಸುಳ್ಳು ಆಪಾದನೆ ಹೊತ್ತವರಿಗೆ ‘ಗುರಾಣಿ’. ಐದಾರು ಬಿರುದು ಪೋಣಿಸುವ ಅಗತ್ಯವಿಲ್ಲ.

ಕಷ್ಟ ಹೇಳುವಾಗ ತಾರೀಕು, ಮೊತ್ತ, ಹೆಸರು ಬರಲಿ. 2 ಅರಸುಗಳು 19:14ರಲ್ಲಿ ಅಶ್ಶೂರದವರ ಬೆದರಿಕೆಯ ಪತ್ರ ಕೈಗೆ ಬಂದಾಗ ಅರಸ ಹಿಜ್ಕೀಯ ಅದನ್ನು ತೆಗೆದುಕೊಂಡು ದೇವಾಲಯಕ್ಕೆ ಹೋಗಿ ದೇವರ ಮುಂದೆ ಬಿಚ್ಚಿ ಹರಡಿದ. ನೀವೂ ಹಾಗೆಯೇ ಮಾಡಿ. ಬ್ಯಾಂಕಿನ ಕಾಗದ, ಸ್ಕ್ಯಾನಿಂಗ್ ರಿಪೋರ್ಟ್, ಕೆಲಸದಿಂದ ತೆಗೆದ ಪತ್ರ, ಏನಿದೆಯೋ ಅದನ್ನು ಮೇಜಿನ ಮೇಲೆ ಬಿಡಿಸಿಡಿ. ಮಲ್ಪೆಯಲ್ಲಿ ಬೋಟಿಗೆ ಹೋಗುವ ಮನೆಯ ಪ್ರಾರ್ಥನೆ ಹೀಗಿರಬಹುದು:

‘ದೇವರೇ, ಜುಲೈ 31ರ ತನಕ ಬೋಟು ಇಳಿಯುವುದಿಲ್ಲ. ಕೈಯಲ್ಲಿರುವುದು 6,200 ರೂಪಾಯಿ. 15ನೇ ತಾರೀಕಿಗೆ ಸೊಸೈಟಿಗೆ 9,500 ಕಟ್ಟಬೇಕು. ಅಣ್ಣನ ಹತ್ತಿರ ಕೇಳಲು ನಾಚಿಕೆಯಾಗುತ್ತದೆ, ಹೋದ ವರ್ಷದ್ದೇ ಕೊಟ್ಟಿಲ್ಲ. ಮಗಳಿಗೆ ಫೀಸಿನ ವಿಷಯ ಹೇಳಿಲ್ಲ. ಅವಳ ಮುಖ ನೋಡಲು ಆಗುವುದಿಲ್ಲ.’

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ ಎಂದು ದೇವರಿಗೆ ತಿಳಿಯದ್ದಲ್ಲ. ಹೇಳುವುದರಿಂದ ಸ್ಪಷ್ಟವಾಗುವುದು ನಮಗೆ. ಮೇಲಿನ ಐದಾರು ಸಾಲಿನಲ್ಲಿ ಮೊದಲು ಕಂಡದ್ದು ಸಾಲ, ಕೊನೆಗೆ ಹೊರಬಂದದ್ದು ಮಗಳ ಎದುರಿನ ನಾಚಿಕೆ. ಎಷ್ಟೋ ಸಲ ಭಾರ ಇರುವುದು ಎರಡನೆಯದರಲ್ಲಿ. ಆದ್ದರಿಂದ ಮೊದಲ ಉತ್ತರಕ್ಕೇ ನಿಲ್ಲಿಸಬೇಡಿ. ‘ಇದರಲ್ಲಿ ನನಗೆ ಯಾವುದು ಹೆಚ್ಚು ಚುಚ್ಚುತ್ತದೆ?’ ಎಂದು ಕೇಳಿಕೊಂಡು ಇನ್ನೆರಡು ವಾಕ್ಯ ಸೇರಿಸಿ. ಬಾಯಲ್ಲಿ ಬರದಿದ್ದರೆ ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಎಡಪುಟದಲ್ಲಿ ಬರೆಯಿರಿ, ಬಲಪುಟ ಖಾಲಿ ಬಿಡಿ.

ಆಮೇಲೆ ದೂರು. ಇಲ್ಲಿ ಜನ ಹೆದರುತ್ತಾರೆ, ದೇವರನ್ನು ಪ್ರಶ್ನಿಸಿದರೆ ನಂಬಿಕೆ ಕಡಿಮೆ ಎಂದಾಗುತ್ತದೆ ಎಂದು. 13ನೆಯ ಕೀರ್ತನೆಯ ಮೊದಲೆರಡು ವಚನದಲ್ಲಿಯೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬಂದಿದೆ. ‘ನನ್ನನ್ನು ಯಾಕೆ ಕೈಬಿಟ್ಟೆ’ ಎಂಬ 22ನೆಯ ಕೀರ್ತನೆಯ ಮೊದಲ ಮಾತನ್ನು ಯೇಸು ಶಿಲುಬೆಯ ಮೇಲೆ ಹೇಳಿದ. ಅದು ಪಾಪವಾಗಿದ್ದರೆ ಆತನ ಬಾಯಲ್ಲಿ ಬರುತ್ತಿರಲಿಲ್ಲ. ತಪ್ಪು ಎಂದು ಬೈಬಲ್ ತೋರಿಸುವ ಗೊಣಗಾಟ ಬೇರೆ. 106ನೆಯ ಕೀರ್ತನೆ ಅರಣ್ಯದ ಇಸ್ರಾಯೇಲರ ಬಗ್ಗೆ ಹೇಳುವಾಗ ಅವರು ತಮ್ಮ ತಮ್ಮ ಡೇರೆಗಳಲ್ಲಿ ಗೊಣಗಿದರು ಎನ್ನುತ್ತದೆ. ಅವರು ದೇವರ ಬಗ್ಗೆ ಮಾತಾಡಿದರು, ದೇವರೊಡನೆ ಮಾತಾಡಲಿಲ್ಲ. ಒಂದೇ ದೂರನ್ನು ಚಾವಡಿಯಲ್ಲಿ ಕೂತು ನೆರೆಯವರಿಗೆ ಹೇಳಿದರೆ ಗೊಣಗಾಟ, ಆತನ ಮುಖಕ್ಕೆ ಹೇಳಿದರೆ ಪ್ರಾರ್ಥನೆ.

ಒಬ್ಬ ಮನುಷ್ಯನ ಮೇಲೆ ಸಿಟ್ಟಿದ್ದರೆ ಅದನ್ನೂ ಹೆಸರು ಹಿಡಿದು ಹೇಳಿ. 109ನೆಯ ಕೀರ್ತನೆ ಓದಿದರೆ ಅಷ್ಟು ಕಟುವಾದ ಮಾತಿಗೂ ಬೈಬಲಿನಲ್ಲಿ ಜಾಗ ಇದೆಯೆಂದು ಗೊತ್ತಾಗುತ್ತದೆ. ಸೇಡು ತೀರಿಸುವ ಕೆಲಸವನ್ನು ಆತನ ಕೈಗೆ ಕೊಟ್ಟು ನಿಮ್ಮ ಕೈ ಬಿಡಿಸಿಕೊಳ್ಳುವುದೇ ಆ ಕೀರ್ತನೆಯ ಉಪಯೋಗ. ಅದನ್ನು ಸ್ಟೇಟಸ್ ಹಾಕಲು ಬಳಸಬಾರದು.

ಕೇಳುವಾಗ ಒಂದನ್ನು ಕೇಳಿ, ಕ್ರಿಯಾಪದದಲ್ಲಿ ಕೇಳಿ. ‘ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು’ ಎಂಬಂತೆ 13ನೆಯ ಕೀರ್ತನೆ ಕೇಳುತ್ತದೆ. ‘ನಿನ್ನ ಚಿತ್ತವಿದ್ದಂತೆ ಆಗಲಿ’ ಎಂಬ ಮಾತನ್ನು ಮೊದಲೇ ಹೇಳಿ ಮುಗಿಸಿಬಿಡಬೇಡಿ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ಕೇಳಿದ್ದು ‘ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ’ ಎಂದು. ‘ಆದರೂ ನಿನ್ನ ಚಿತ್ತ’ ಎಂಬುದು ಅದರ ಹಿಂದೆ ಬಂತು. ಕ್ರಮ ತಿರುಗಿಸಿದರೆ ಶರಣಾಗತಿಯ ಹೆಸರಿನಲ್ಲಿ ಕೇಳುವುದರಿಂದಲೇ ನುಣುಚಿಕೊಂಡ ಹಾಗೆ. ಆತ ಅದೇ ಮಾತನ್ನು ಮೂರು ಸಲ ಹೇಳಿದನೆಂದು ಮತ್ತಾಯ ಬರೆದಿದ್ದಾನೆ. ಹಾಗಾಗಿ ನಾಳೆ ಅದನ್ನೇ ಮತ್ತೆ ಕೇಳಲು ಸಂಕೋಚ ಬೇಡ.

ಕಂಗಾಲಾದ ಹೊತ್ತಿನಲ್ಲಿ ದೊಡ್ಡ ಹರಕೆ ಹೊರಬೇಡಿ. ‘ಇದೊಂದು ಆದರೆ ಚಿನ್ನ ಕೊಡುತ್ತೇನೆ, ಜೀವಮಾನವಿಡೀ ಇದನ್ನು ಬಿಡುತ್ತೇನೆ’ ಎಂದವರು ಆಮೇಲೆ ತೀರಿಸಲಾಗದೆ ಎರಡನೆಯ ಭಾರ ಹೊರುತ್ತಾರೆ. ತೀರಿಸದ ಹರಕೆಗಿಂತ ಹೊರದಿರುವುದೇ ಮೇಲು ಎಂದು ಪ್ರಸಂಗಿಯ 5ನೆಯ ಅಧ್ಯಾಯ ನೇರವಾಗಿ ಹೇಳಿದೆ. ಕಾರ್ಕಳದ ಅತ್ತೂರು ಇಗರ್ಜಿಯ ಹಬ್ಬಕ್ಕೆ ಹೋಗಿ ಒಂದು ಮೋಂಬತ್ತಿ ಹಚ್ಚುತ್ತೇನೆ ಎಂಬಷ್ಟು ಹಗುರವಾದದ್ದಿದ್ದರೆ ಅಡ್ಡಿಯಿಲ್ಲ.

ನಂಬಿಕೆಯ ಮಾತು ಕೊನೆಯಲ್ಲಿ, ‘ಆದರೂ’ ಎಂದು ಶುರುಮಾಡಿ, ಒಂದೇ ವಾಕ್ಯ. ‘ಆದರೂ ನಾನು ನಿನ್ನ ಸೂರಿನಡಿಯೇ ನಿಂತಿದ್ದೇನೆ.’ ಒಳಗೆ ಹಾಗೆ ಅನ್ನಿಸದಿದ್ದರೆ? 62ನೆಯ ಕೀರ್ತನೆಯನ್ನೇ ಹತ್ತಿರದಿಂದ ನೋಡಿ. 1ನೆಯ ವಚನದಲ್ಲಿ ‘ನನ್ನ ಮನ ದೇವರಿಗಾಗಿ ಮೌನವಾಗಿ ಕಾದಿದೆ’ ಎಂದು ಹೇಳಿದವನು 5ನೆಯ ವಚನಕ್ಕೆ ಬರುವಾಗ ‘ನನ್ನ ಮನವೇ, ಮೌನವಾಗಿ ಕಾದಿರು’ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ನಡುವಿನ ಮೂರು ವಚನದಲ್ಲಿ ವೈರಿಗಳ ನೆನಪಾಗಿ ಶಾಂತಿ ಜಾರಿಹೋಗಿತ್ತು. ಹನ್ನೆರಡು ವಚನದ ಆ ಕೀರ್ತನೆಯಲ್ಲಿ ‘ಮಾತ್ರವೇ’ ಎಂಬರ್ಥದ ‘ಅಖ್’ ಎಂಬ ಇಬ್ರಿಯ ಶಬ್ದ ಆರು ಸಲ ಬರುತ್ತದೆ. ಮೊಳೆ ಹೊಡೆಯುವ ಹಾಗೆ ಮತ್ತೆ ಮತ್ತೆ. ನಂಬಿಕೆ ಒಂದೇ ಪೆಟ್ಟಿಗೆ ಕೂರಲಿಲ್ಲ ಎಂದು ಗಾಬರಿಯಾಗಬೇಕಿಲ್ಲ.

ಆ ಮಾತೂ ಬಾಯಿಗೆ ಬಾರದ ದಿನ ಬಿಟ್ಟುಬಿಡಿ. 88ನೆಯ ಕೀರ್ತನೆಗೆ ಸಮಾಧಾನದ ಮುಕ್ತಾಯವೇ ಇಲ್ಲ, ಅದರ ಕೊನೆಯ ಶಬ್ದ ಕತ್ತಲೆ. ಆದರೂ ಅದನ್ನು ಕೀರ್ತನೆಗಳ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ. ಮಾತೇ ಇಲ್ಲದವರಿಗೆ ಕಲಿತ ಪ್ರಾರ್ಥನೆ ಊರುಗೋಲು: ಕರ್ತನ ಪ್ರಾರ್ಥನೆ, ಕಥೊಲಿಕರ ಮನೆಯಾದರೆ ತೆರ್ಸ್, ಅಂದರೆ ಜಪಮಾಲೆ. ಅದೂ ಆಗದಿದ್ದರೆ ಸುಮ್ಮನೆ ಕೂರಿ. ರೋಮಾಪುರದವರಿಗೆ 8:26ರ ಪ್ರಕಾರ ನರಳಾಟವೂ ಲೆಕ್ಕಕ್ಕೆ ಬರುತ್ತದೆ.

ಎದ್ದ ಮೇಲೆ

ಎರಡು ನಿಮಿಷ ಸುಮ್ಮನಿದ್ದು ಏಳಿ, ಎದ್ದ ಕೂಡಲೇ ಒಂದು ಕೆಲಸ ಮಾಡಿ. ಸೊಸೈಟಿಗೆ ಹೋಗಿ ಕಂತಿಗೆ ಗಡುವು ಕೇಳುವುದು, ಡಾಕ್ಟರರ ಅಪಾಯಿಂಟ್‌ಮೆಂಟ್, ಮಗಳನ್ನು ಕರೆದು ಕೂರಿಸಿ ವಿಷಯ ಹೇಳುವುದು. ಪತ್ರ ಬಿಡಿಸಿಟ್ಟ ಅದೇ ಹಿಜ್ಕೀಯ ಯೆರೂಸಲೇಮಿಗೆ ನೀರು ತರುವ ಕಾಲುವೆಯನ್ನೂ ಮಾಡಿಸಿದ್ದ. ಅವನದೆಂದು ಹೇಳುವ ಸುಮಾರು 533 ಮೀಟರಿನ ಸುರಂಗ ಇಂದಿಗೂ ಇದೆ. ಆಶ್ರಯ ಹುಡುಕುವವನು ಕೈಕಟ್ಟಿ ಕೂರಬೇಕೆಂದು ಬೈಬಲಿನಲ್ಲಿ ಎಲ್ಲೂ ಇಲ್ಲ. ಫಲ ಎಂದರೆ ಸಮಸ್ಯೆ ಮುಗಿಯುವುದು ಎಂದೂ ಅಂದುಕೊಳ್ಳಬೇಡಿ. ಹನ್ನ ಎದ್ದು ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖದಲ್ಲಿ ದುಃಖ ಉಳಿಯಲಿಲ್ಲ ಎಂದು ಬರೆದಿದೆ. ಅವಳು ಬೇಡಿದ ಮಗು ಆಗ ಇನ್ನೂ ಹುಟ್ಟಿರಲಿಲ್ಲ.

ಮನೆಯಲ್ಲಿಯೇ ಹೊಡೆತ ತಿನ್ನುವ ಹೆಂಗಸಿಗೆ ‘ಪ್ರಾರ್ಥಿಸಿ ಸಹಿಸು’ ಎಂದು ಹೇಳುವವರ ಮಾತು ಕೇಳಬೇಡಿ. ಅರಿಯದೆ ಒಬ್ಬನನ್ನು ಕೊಂದು ಸೇಡಿನ ಜೀವಭಯದಲ್ಲಿರುವವನೂ ಓಡಿಹೋಗಿ ಉಳಿಯಲೆಂದು ಮೋಶೆಯ ಧರ್ಮಶಾಸ್ತ್ರ ಆರು ಆಶ್ರಯನಗರಗಳನ್ನು ಇಟ್ಟಿತ್ತು. ಓಡುವುದೂ ನಂಬಿಕೆಯ ಕೆಲಸವಾಗಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಸಾಯಬೇಕು ಅನ್ನಿಸುತ್ತಿದ್ದರೆ ಅದನ್ನೂ ಎಲೀಯನ ಹಾಗೆ ದೇವರಿಗೆ ಹೇಳಿ, ಆದರೆ ಒಬ್ಬರೇ ಇರಬೇಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಮನೋವೈದ್ಯರು ಕೊಟ್ಟ ಮಾತ್ರೆ ತಿನ್ನುವುದು ನಂಬಿಕೆಯ ಕೊರತೆಯಲ್ಲ. ಪ್ರಾರ್ಥನೆ ಮಾಡಿದ್ದೇವೆ, ಇನ್ನು ಔಷಧಿ ನಿಲ್ಲಿಸು ಎಂದವರ ಹತ್ತಿರ ಮತ್ತೆ ಹೋಗಬೇಡಿ. ದುಡ್ಡು ಕೇಳಿದರೆ ಮೊದಲ ದಿನವೇ ಎದ್ದು ಬನ್ನಿ.

ಇನ್ನೊಬ್ಬರಿಗೆ ಹೇಳುವಾಗ

ಯಾಕೋಬನ ಪತ್ರ 5:14 ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಲಿ ಎನ್ನುತ್ತದೆ. ಒಬ್ಬರು, ಹೆಚ್ಚೆಂದರೆ ಇಬ್ಬರು, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರು ಸಾಕು. ಸಭಾಪಾಲಕರೋ ಫಾದರೋ ಮನೆಗೆ ಬಂದಾಗ ತಟ್ಟೆ ತುಂಬ ತಿಂಡಿಯಿಟ್ಟು ‘ಎಲ್ಲ ಆರಾಮ’ ಎಂದು ಕಳಿಸಬೇಡಿ. ವಾಟ್ಸಾಪ್ ಪ್ರಾರ್ಥನಾ ಗುಂಪಿಗೆ ಮೊದಲ ದಿನ ಹಾಕುವುದು ಬೇಡ. ಹಾಕಿದರೂ ಕಾಯಿಲೆಯ ಹೆಸರು, ರಿಪೋರ್ಟಿನ ಫೋಟೋ, ಇನ್ನೊಬ್ಬರ ಹೆಸರು ಅವರನ್ನು ಕೇಳದೆ ಹೋಗಬಾರದು. ದುಬೈಯಲ್ಲಿ ಕೆಲಸ ಹೋದ ಮಗನ ಸುದ್ದಿ ಅವನು ಹೇಳುವ ಮೊದಲೇ ಇಡೀ ವಾಳೆಗೆ (ಇಗರ್ಜಿಯ ವಾರ್ಡಿಗೆ) ತಲುಪಿದರೆ ಆ ಹುಡುಗ ಮುಂದೆ ಮನೆಯವರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನಿಮ್ಮ ಹತ್ತಿರ ಯಾರಾದರೂ ಕಷ್ಟ ಹೇಳಿಕೊಂಡರೆ ಮೊದಲು ಪೂರ್ತಿ ಕೇಳಿ. ವಚನ ಆಮೇಲೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಮೌನವಾಗಿ ಕೂತದ್ದು ಅವರು ಮಾಡಿದ ಒಳ್ಳೆಯ ಕೆಲಸ, ಕೆಟ್ಟದ್ದು ಶುರುವಾದದ್ದು ಬಾಯಿ ತೆರೆದ ಮೇಲೆ.

ಮೊದಲ ವಾರಕ್ಕೆ

ದಿನಕ್ಕೆ ಒಂದೇ ಕೀರ್ತನೆ: 13, 62, 142, 6, 77, 88, 46, ಈ ಕ್ರಮದಲ್ಲಿ. 142ನೆಯದಕ್ಕೆ ದಾವೀದ ಗವಿಯಲ್ಲಿದ್ದಾಗಿನ ಪ್ರಾರ್ಥನೆ ಎಂದು ತಲೆಬರಹ ಇದೆ. 6ನೆಯದು ಹಾಸಿಗೆ ನೆನೆಯುವಷ್ಟು ಅತ್ತವನದು, 77ನೆಯದು ನಿದ್ದೆ ಬಾರದವನದು. ಹೊಸಬರು 88ನ್ನು ಒಂಟಿಯಾಗಿ ರಾತ್ರಿ ಓದದೆ ಹಗಲಿನಲ್ಲಿ ಓದಲಿ. ಮರುದಿನಕ್ಕೆ 46 ಇಟ್ಟಿರುವುದು ಅದಕ್ಕೇ.

ನೋಟುಬುಕ್ಕಿನ ಎಡಪುಟಕ್ಕೆ ತಾರೀಕು ಹಾಕಿ. ತಿಂಗಳಿಗೊಮ್ಮೆ ತೆರೆದು ಏನಾದರೂ ಬದಲಾಗಿದ್ದರೆ ಅದರ ಎದುರಿಗೆ ಬಲಪುಟದಲ್ಲಿ ಬರೆಯಿರಿ. ಬೋಟು ಇಳಿದದ್ದು, ಅಣ್ಣ ತಾನಾಗಿಯೇ ಫೋನ್ ಮಾಡಿದ್ದು, ಒಂದು ರಾತ್ರಿ ಐದು ಗಂಟೆ ನಿದ್ದೆ ಬಂದದ್ದು, ಸಣ್ಣದಿದ್ದರೂ ಬರೆಯಿರಿ. ಎದುರಿಗೆ ಬರೆಯಲು ಏನೂ ಇಲ್ಲದ ಸಾಲುಗಳನ್ನು ಹೊಡೆದುಹಾಕಬೇಡಿ. ಹೊಸ ತಾರೀಕು ಹಾಕಿ ಮುಂದಿನ ಎಡಪುಟಕ್ಕೆ ಮತ್ತೆ ಬರೆದುಕೊಳ್ಳಿ.